‘ಅಂವಗ ಏನಾಗಿತ್ರೀ?’: ಬಾರ್ಟಲ್‌ಬಿ, ಕಪ್ಪು ಮುಸುಕು ಮತ್ತು ಹದಿನೈದು ಟೀ ಕಪ್ಪು

ಓದುಗರ ಪ್ರಶ್ನೆ

“ಮೇಡಂ ನಮಸ್ಕಾರ್ರಿ. ನಾ ಗದಗ ಜಿಲ್ಲಾದಾಕಿ, ಎಂ.ಎ. ಇಂಗ್ಲಿಷ್ ಕಡೀ ಸೆಮಿಸ್ಟರ್ ಐತ್ರಿ. ಪ್ರಾಜೆಕ್ಟಿಗೆ ನನಗ ಬಂದ ಟಾಪಿಕ್ಕು ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಸಣ್ಣಕಥಿಯೊಳಗ ಹೊರಗಿನವರ ಏಲಿಯನೇಶನ್. ಆರು ಕಥಿ ಕೊಟ್ಟಾರ: ಹಾಥಾರ್ನ್‌ಂದು ‘ವೇಕ್‌ಫೀಲ್ಡ್’ ಮತ್ತ ‘ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್’, ಮೆಲ್ವಿಲ್‌ಂದು ‘ಬಾರ್ಟಲ್‌ಬಿ’, ಕೇಟ್ ಶೋಪ್ಯಾನ್‌ಂದು ‘ಡೆಸಿರೇಸ್ ಬೇಬಿ’, ಸ್ಟೀಫನ್ ಕ್ರೇನ್‌ಂದು ‘ದಿ ಮಾನ್‌ಸ್ಟರ್’ ಮತ್ತ ‘ದಿ ಬ್ಲೂ ಹೋಟೆಲ್’. ಎಲ್ಲಾ ಓದೇನ್ರಿ, ಬಾರ್ಟಲ್‌ಬಿ ಅಂತೂ ಮೂರು ಸಲ. ಗೈಡ್ ಬುಕ್ಕಿನ್ಯಾಗ ಅಂವ ಡಿಪ್ರೆಶನ್ ಪೇಶಂಟ್ ಅಂತ ಬರದಾರ. ನನ್ನ ರೂಮ್‌ಮೇಟು ಆಟಿಸಂ ಅಂತಾಳ. ನಮ್ಮ ಸರ್ ಮಾರ್ಕ್ಸ್ ಥಿಯರಿ ಹಚ್ಚಿ ಬರಿ, ಮುಗೀತು ಅಂತಾರ. ಇನ್ನೊಬ್ರು ಮೇಡಂ, ಏಲಿಯನೇಶನ್ ಅಂದ್ರ ಇಪ್ಪತ್ತನೇ ಶತಮಾನದ ಯುರೋಪಿಂದು, ಕಾಫ್ಕಾ ಕಾಮೂ ಅವರದ್ದು, ಟಾಪಿಕ್ಕೇ ತಪ್ಪು ಅಂದ್ರು. ಖರೇ ಹೇಳಬೇಕಂದ್ರ ನಮ್ಮ ಅಜ್ಜಿ ಕಡೀ ದಿನದಾಗ ಏನ್ ಕೊಟ್ರೂ ‘ಒಲ್ಲೆ’ ಅಂತಿದ್ಲಲ್ಲ, ನನಗ ಅಂವ ಹಂಗ ಅನಸ್ತಾನ. ಅಂವಗ ಏನಾಗಿತ್ರೀ? ಮತ್ತ ಇವನ್ನ ನಮ್ಮ ಜಾತಿ ವಿಷಯಕ್ಕ ಹೋಲಿಸಿ ಬರದ್ರ ಮಾರ್ಕ್ಸ್ ಕಟ್ ಆಗ್ತಾವೇನ್ರಿ?”

ಉತ್ತರ

ನಿಮ್ಮ ಪತ್ರಾನ ತಿದ್ದೋಕೆ ಹೋಗಿಲ್ಲ, ಬಂದ ಹಾಗೇ ಹಾಕಿದೀನಿ, ಯಾಕಂದ್ರೆ ನಿಮ್ಮಜ್ಜಿಯ ಆ ‘ಒಲ್ಲೆ’ ಇದೆಯಲ್ಲ, ಅದು ನಿಮಗೆ ಸಿಕ್ಕಿರೋ ಅಷ್ಟೂ ಥಿಯರಿಗಿಂತ ಕಥೆಗೆ ಹತ್ತಿರ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಮೂವತ್ತು ವರ್ಷ ಅಮೆರಿಕನ್ ಸಾಹಿತ್ಯದ ಪೇಪರ್ ಪಾಠ ಮಾಡಿದೀನಿ, ಬಾರ್ಟಲ್‌ಬಿ (ನ್ಯೂಯಾರ್ಕಿನ ಒಬ್ಬ ವಕೀಲನ ಆಫೀಸಲ್ಲಿ ನಕಲು ಬರೆಯೋ, ಒಂದು ದಿನ ಹೇಳಿದ ಕೆಲಸಕ್ಕೆ ನಯವಾಗಿ ಬೇಡ ಅನ್ನೋಕೆ ಶುರು ಮಾಡೋ ಗುಮಾಸ್ತನ ಕಥೆ) ಮಾಡಿದ ಪ್ರತೀ ವರ್ಷ ಕ್ಲಾಸಲ್ಲಿ ಯಾರಾದ್ರೂ ಒಬ್ರು ಎದ್ದು ಕೇಳೋ ಪ್ರಶ್ನೆ ಇದೇ, ಅವನಿಗೆ ಏನಾಗಿತ್ತು. ಶುರುವಿನಲ್ಲಿ ನಾನೂ ಉತ್ತರ ಕೊಡ್ತಿದ್ದೆ, ಒಂದೊಂದು ವರ್ಷ ಒಂದೊಂದು. ಈಗ ಕೊಡಲ್ಲ. ಯಾಕಂದ್ರೆ ಈ ಕಥೆಗಳಲ್ಲಿ ಹೊರಗೆ ನಿಂತವನಿಗೆ ಏನಾಗಿದೆ ಅಂತ ಹುಡುಕೋಕೆ ಹೋದ್ರೆ ಕೈಗೆ ಹೆಚ್ಚೇನೂ ಸಿಗಲ್ಲ, ಅದೇ ಅವನ ಸುತ್ತ ಇರೋರಿಗೆ ಏನಾಯ್ತು ಅಂತ ನೋಡಿ, ಪುಟಪುಟಕ್ಕೂ ಸಿಗತ್ತೆ, ಕಾಸಿನ ಲೆಕ್ಕ ಸಮೇತ. ಬಾಗಿಲು ಹಾಕಿದವರನ್ನ ಬಿಟ್ಟು ಬಾಗಿಲ ಆಚೆ ನಿಂತವನನ್ನೇ ಪರೀಕ್ಷೆ ಮಾಡ್ತಾ ಕೂರೋದು ನಮ್ಮ ಗೈಡ್ ಬುಕ್ಕುಗಳ ಹಳೇ ಚಾಳಿ.

ಮೊದಲು ಆ ಇನ್ನೊಬ್ರು ಮೇಡಂ ಹೇಳಿದ ಮಾತು. ಟಾಪಿಕ್ ತಪ್ಪಲ್ಲ, ನಿಶ್ಚಿಂತೆಯಾಗಿರಿ. ‘ವೇಕ್‌ಫೀಲ್ಡ್’ ಪ್ರಿಂಟ್ ಆಗಿದ್ದು 1835ರಲ್ಲಿ, ‘ಬಾರ್ಟಲ್‌ಬಿ’ 1853ರ ನವೆಂಬರ್ ಮತ್ತು ಡಿಸೆಂಬರಲ್ಲಿ, ಪುಟ್ನಮ್ಸ್ ಅನ್ನೋ ಮಾಸಪತ್ರಿಕೇಲಿ ಎರಡು ಕಂತಾಗಿ, ಅದೂ ಬರೆದವನ ಹೆಸರಿಲ್ಲದೆ. ಕಾಫ್ಕಾ ಹುಟ್ಟಿದ್ದೇ 1883ರಲ್ಲಿ. ಅವರ ಮಾತಲ್ಲಿ ನಿಜ ಎಷ್ಟು ಅಂದ್ರೆ, ಏಲಿಯನೇಶನ್ ಅನ್ನೋ ಪದಕ್ಕೆ ನಾವು ಇವತ್ತು ಕೊಡೋ ಅರ್ಥ, ಅಂದ್ರೆ ಸುತ್ತಲಿನವರಿಂದ ದೂರವಾಗಿ ಪರಕೀಯರಾಗೋದು, ತಡವಾಗಿ ಗಟ್ಟಿಯಾದದ್ದು, ನಮ್ಮಲ್ಲೂ ನವ್ಯದ ಕಾಲದಲ್ಲಿ ಪರಕೀಯತೆ, ಅನಾಥಪ್ರಜ್ಞೆ ಅಂತೆಲ್ಲ ವಿಮರ್ಶಕರು ಬರೆದು ಬರೆದು ಅದೇನೋ ಯುರೋಪಿಂದ ಹಡಗಲ್ಲಿ ಬಂದ ಜ್ವರ ಅನ್ನೋ ಭಾವನೆ ಉಳ್ಕೊಂಡುಬಿಡ್ತು. ಆದ್ರೆ ಮೆಲ್ವಿಲ್ ಕಾಲದಲ್ಲೂ ಆ ಪದ ಇತ್ತು, ಬೇರೆ ಎರಡು ಕೆಲಸ ಮಾಡ್ತಿತ್ತು. ಡಾಕ್ಟರುಗಳ ಬಾಯಲ್ಲಿ ಅದು ಹುಚ್ಚು. ವಕೀಲರ ಬಾಯಲ್ಲಿ ಅದು ಆಸ್ತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋದು, ನಮ್ಮ ಕಂದಾಯ ಇಲಾಖೆ ಭಾಷೇಲಿ ‘ಪರಭಾರೆ’. 1978ರ ನಮ್ಮ ರಾಜ್ಯದ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ ಕಾಯ್ದೆ ಅಂತ ಇದೆಯಲ್ಲ, ಅದೇ ಪರಭಾರೆ.

ಈಗ ಕಥೆ ತೆಗೆದು ನೋಡಿ, ಬಾರ್ಟಲ್‌ಬಿ ಯಜಮಾನ ಏನು ಕೆಲಸ ಮಾಡ್ತಾನೆ? ಕೋರ್ಟಲ್ಲಿ ವಾದ ಮಾಡೋ ವಕೀಲ ಅಲ್ಲ, ಕ್ರಯಪತ್ರ, ಅಡಮಾನ ಪತ್ರ, ಟೈಟಲ್ ನೋಡೋ ವಕೀಲ, ದುಡ್ಡಿದ್ದವರ ಬಾಂಡು, ಹಕ್ಕುಪತ್ರಗಳ ಮಧ್ಯೆ ತಣ್ಣಗೆ ಕೂತವನು. ಅಂದ್ರೆ ಬಾರ್ಟಲ್‌ಬಿ ಕೂತಿರೋದು ಪರಭಾರೆ ಕಾಗದಗಳ ನಡುವೆ. ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸ್ ಎದುರು ಪತ್ರ ಬರಹಗಾರರು ಇರ್ತಾರಲ್ಲ, ಅವರಿಗಿಂತಲೂ ಒಂದು ಮೆಟ್ಟಿಲು ಕೆಳಗೆ ಇವನ ಕೆಲಸ, ಬರೀ ನಕಲು ತೆಗೆಯೋದು. ಈ ಪಾಯಿಂಟು ನಾನು ಓದಿದ ಯಾವ ಗೈಡಲ್ಲೂ ನೋಡಿಲ್ಲ, ಬಳಸ್ಕೊಳ್ಳಿ.

ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಟಾಪಿಕ್ಕಿನ ಒಳಗೇ ಇದೆ, ‘ಹೊರಗಿನವರು’ ಅಂದ ತಕ್ಷಣ ಬೇರೆ ಕಡೆಯಿಂದ ಬಂದವರು ಅನ್ಕೋತೀವಿ. ನಿಮ್ಮ ಪಟ್ಟೀಲಿ ಹಾಗೆ ಹೊರಗಿಂದ ಬಂದವನು ಯಾರಿದಾನೆ, ‘ಬ್ಲೂ ಹೋಟೆಲ್’ನ ಸ್ವೀಡನ್ನಿನವನು ಒಬ್ಬನೇ, ಅವನೂ ಹತ್ತು ವರ್ಷ ನ್ಯೂಯಾರ್ಕಲ್ಲಿ ಟೇಲರ್ ಕೆಲಸ ಮಾಡಿ ಬಂದವನು. ಕಪ್ಪು ಮುಸುಕಿನ ಹೂಪರ್ ಆ ಊರಿನ ಪಾದ್ರಿ, ಊರಿನ ಮದುವೆ ಸಾವು ಎಲ್ಲಕ್ಕೂ ಅವನೇ ಬೇಕು. ಡೆಸಿರೇ ಮನೆ ಸೊಸೆ. ‘ಮಾನ್‌ಸ್ಟರ್’ನ ಹೆನ್ರಿ ಜಾನ್ಸನ್ ಕರಿಯ, ಡಾಕ್ಟರ ಮನೆ ಕುದುರೆ ನೋಡ್ಕೊಳ್ಳೋನು, ಊರಿಗೆಲ್ಲ ಗೊತ್ತಿರೋ ಆಸಾಮಿ. ವೇಕ್‌ಫೀಲ್ಡ್ ಅಂತೂ ತನ್ನ ಮನೆ ಬಿಟ್ಟು ಹೋಗಿದ್ದು ಪಕ್ಕದ ಬೀದಿಗೆ. ಇವರೆಲ್ಲ ಒಳಗಿದ್ದವರು, ಒಂದು ದಿನ ಹೊರಗಾದವರು. ಆ ಒಂದು ದಿನ ಏನಾಯ್ತು, ಅವತ್ತು ಯಾರು ಏನ್ ಮಾಡಿದ್ರು ಅಂತ ಪ್ರತೀ ಕಥೇಲೂ ಒಂದು ಪುಟಕ್ಕೆ ಬೆರಳಿಡಬಹುದು, ಪೆನ್ಸಿಲ್ ತಗೊಂಡು ಗುರುತು ಮಾಡ್ಕೊಳ್ಳಿ.

ಸರಿ, ಬಾರ್ಟಲ್‌ಬಿ.

ಅವನಿಗೆ ಕೊಟ್ಟ ಜಾಗ ಮೊದಲು ನೋಡಿ. ಯಜಮಾನನ ರೂಮಲ್ಲೇ ಒಂದು ಮೂಲೆ, ಪಕ್ಕ ಒಂದು ಕಿಟಕಿ, ಕಿಟಕಿಯಿಂದ ಮೂರು ಅಡಿ ದೂರದಲ್ಲಿ ಗೋಡೆ, ಈ ಕಡೆ ಯಜಮಾನನ ಕಣ್ಣಿಗೆ ಬೀಳದ ಹಾಗೆ ಆದ್ರೆ ಕೂಗಿದ್ರೆ ಕೇಳೋ ಹಾಗೆ ಒಂದು ಎತ್ತರದ ಹಸಿರು ಮಡಚೋ ಪರದೆ. ಈ ವ್ಯವಸ್ಥೆ ಬಗ್ಗೆ ವಕೀಲನಿಗೆ ಬಹಳ ಸಮಾಧಾನ, ಏಕಾಂತವೂ ಆಯ್ತು ಜೊತೆಯೂ ಆಯ್ತು ಅಂತಾನೆ. ಕೂಲಿ, ಫೋಲಿಯೋಗೆ ನಾಲ್ಕು ಸೆಂಟ್, ಫೋಲಿಯೋ ಅಂದ್ರೆ ನೂರು ಪದ. ಟೈಪ್‌ರೈಟರ್ ಅಂಗಡಿಗೆ ಬರೋಕೆ ಇನ್ನೂ ಇಪ್ಪತ್ತು ವರ್ಷ ಇತ್ತು, ಎಲ್ಲ ಕೈಯಲ್ಲೇ ಬರೀಬೇಕು, ಬರೆದಿದ್ದನ್ನ ಒಬ್ಬ ಓದಿ ಇನ್ನೊಬ್ಬ ಮೂಲ ನೋಡಿ ತಾಳೆ ಹಾಕಬೇಕು. ಬಾರ್ಟಲ್‌ಬಿ ಮೊದಲು ಬೇಡ ಅಂದಿದ್ದು ಬರೆಯೋದನ್ನಲ್ಲ, ಈ ತಾಳೆ ನೋಡೋದನ್ನ. ಶುರುವಿನಲ್ಲಂತೂ ನಕಲಿಗಾಗಿ ಹಸಿದು ಬಂದವನ ಥರ ಹಗಲು ರಾತ್ರಿ ಬರೀತಿದ್ದ. ಇದನ್ನ ಬಹಳ ಜನ ಮರೀತಾರೆ, ಅವನು ಸೋಮಾರಿ ಅಲ್ಲ.

ಈಗ ಆ ವಾಕ್ಯ, ‘ಐ ವುಡ್ ಪ್ರಿಫರ್ ನಾಟ್ ಟು’. ಕನ್ನಡಕ್ಕೆ ತರೋಕೆ ಹೋದ್ರೆ ಗೊತ್ತಾಗತ್ತೆ ಎಂಥ ವಾಕ್ಯ ಅಂತ. ‘ಮಾಡಲ್ಲ’ ಅಂದ್ರೆ ಜಗಳಕ್ಕೆ ನಿಂತ ಹಾಗೆ. ‘ಆಗಲ್ಲ’ ಅಂದ್ರೆ ಕೈಲಾಗದವನು ಅಂದ ಹಾಗೆ. ‘ಬೇಡ’ ಅಂದ್ರೆ ಯಾರೋ ಬಡಿಸ್ತಿರೋದನ್ನ ಕೈ ಅಡ್ಡ ಹಿಡಿದ ಹಾಗೆ. ‘ಒಲ್ಲೆ’ ಹತ್ತಿರ ಬರತ್ತೆ, ಯಾಕಂದ್ರೆ ಅದು ‘ಒಲ್’ ಅನ್ನೋ ಧಾತುವಿನ ನಿಷೇಧ ರೂಪ, ಒಲವಿನ ನೆಂಟ, ಪ್ರಿಫರ್ ಅನ್ನೋದರ ಒಳಗಿರೋ ಮನಸ್ಸಿನ ವಾಲುವಿಕೆ ಅದರೊಳಗೂ ಇದೆ. ಆದ್ರೆ ಒಲ್ಲೆ ಒಂದೇ ಪೆಟ್ಟಿಗೆ ಬಾಗಿಲು ಹಾಕಿಬಿಡತ್ತೆ, ಬಾರ್ಟಲ್‌ಬಿ ಬಾಗಿಲನ್ನ ಮೆಲ್ಲಗೆ, ಸದ್ದು ಮಾಡದೆ, ಎದುರಿನವನ ಬೆರಳು ಸಿಗದ ಹಾಗೆ ನೋಡ್ಕೊಂಡು ಹಾಕ್ತಾನೆ. ಆ ನಾಜೂಕೇ ವಕೀಲನನ್ನ ಕಂಗಾಲು ಮಾಡೋದು. ಬೈದಿದ್ರೆ ಅವತ್ತೇ ಹೊರಗೆ ಹಾಕ್ತಿದ್ದ, ಅವನೇ ಹಾಗಂತಾನೆ. ಆಮೇಲೆ ಆ ಪ್ರಿಫರ್ ಅನ್ನೋ ಪದ ಆಫೀಸಿಗೇ ಅಂಟಿಕೊಳ್ಳತ್ತೆ, ಟರ್ಕಿ, ನಿಪ್ಪರ್ಸ್ ಅನ್ನೋ ಇಬ್ಬರು ಗುಮಾಸ್ತರೂ, ವಕೀಲನೂ, ತಮಗೇ ಗೊತ್ತಿಲ್ಲದೆ ಮಾತಿಗೊಂದು ಸಲ ಪ್ರಿಫರ್ ಅನ್ನೋಕೆ ಶುರು ಮಾಡ್ತಾರೆ. ಹೊರಗಿನವನ ಒಂದು ಪದ ಒಳಗಿನವರ ಬಾಯಿ ಸೇರ್ಕೊಂಡಿದೆ, ಆದ್ರೂ ಅವನು ಹೊರಗೇ. ನಮ್ಮ ಊರುಗಳಲ್ಲಿ ಇದಕ್ಕೆ ಉದಾಹರಣೆ ನಾನು ಹೇಳೋದೇ ಬೇಡ.

ಡಿಪ್ರೆಶನ್ ಮತ್ತು ಆಟಿಸಂ ವಿಷಯ ಇಲ್ಲೇ ಮುಗಿಸ್ತೀನಿ. ರೋಗದ ಹೆಸರು ಹೇಳೋದು ಪಾಪ ಅಂತಲ್ಲ, ಅಂಥ ಓದುಗಳು ಇವೆ, ಕೆಲವು ಬಹಳ ಸೂಕ್ಷ್ಮವಾಗೂ ಇವೆ. ಆದ್ರೆ ಕಥೇಲಿ ಆ ಕೆಲಸ ನಿಮ್ಮ ರೂಮ್‌ಮೇಟ್‌ಗಿಂತ ಮುಂಚೆ ವಕೀಲನೇ ಮಾಡಿಬಿಟ್ಟಿದ್ದಾನೆ, ಅದನ್ನ ನೋಡಿದ್ರಾ? ಒಂದು ಭಾನುವಾರ ಟ್ರಿನಿಟಿ ಚರ್ಚಿಗೆ ಅಂತ ಹೊರಟವನು ದಾರೀಲಿ ಆಫೀಸಿಗೆ ಹೋಗ್ತಾನೆ, ಬೀಗದ ಕೈ ಹಾಕಿದ್ರೆ ಒಳಗಿಂದ ಏನೋ ಅಡ್ಡ ಇದೆ, ಬಾರ್ಟಲ್‌ಬಿ ಅಲ್ಲೇ ವಾಸ ಮಾಡ್ತಿದ್ದಾನೆ ಅಂತ ಗೊತ್ತಾಗತ್ತೆ. ಕಂಬಳಿ, ಸೋಪು, ಹರಿದ ಟವೆಲ್, ಶುಂಠಿ ಬಿಸ್ಕತ್ತಿನ ಚೂರು. ಮೊದಲು ಕರುಳು ಚುರುಕ್ ಅನ್ನತ್ತೆ, ಇಬ್ಬರೂ ಆದಮ್‌ನ ಮಕ್ಕಳೇ ಅಲ್ವಾ ಅಂತಾನೆ. ಸ್ವಲ್ಪ ಹೊತ್ತಲ್ಲೇ ಕರುಣೆ ಹೋಗಿ ಭಯ, ಅದು ಹೋಗಿ ಅಸಹ್ಯ. ಆಮೇಲೆ ತೀರ್ಮಾನ: ಇವನಿಗೆ ಇರೋದು ಹುಟ್ಟಿನಿಂದ ಬಂದ, ವಾಸಿಯಾಗದ ಏನೋ ತೊಂದರೆ, ನೋವಿರೋದು ಆತ್ಮಕ್ಕೆ, ಅದು ನನ್ನ ಕೈಗೆ ಎಟುಕಲ್ಲ. ಹಾಗಂತ ತೀರ್ಮಾನ ಮಾಡಿದ ಬೆನ್ನಿಗೇ ಏನು ಪ್ಲಾನ್ ಮಾಡ್ತಾನೆ? ಬಾಕಿ ಕೊಟ್ಟು, ಮೇಲೆ ಇಪ್ಪತ್ತು ಡಾಲರ್ ಇಟ್ಟು ಕೆಲಸದಿಂದ ಕಳಿಸೋದು. ಅವತ್ತು ಚರ್ಚಿಗೂ ಹೋಗಲ್ಲ. ರೋಗದ ಹೆಸರು ಸಿಕ್ಕಿದ ಕೂಡಲೇ ಜವಾಬ್ದಾರಿ ಮುಗೀತು. ನೀವೂ ಅದನ್ನೇ ಬರೆದ್ರೆ ವಕೀಲನ ಪಕ್ಕ ಕುರ್ಚಿ ಹಾಕ್ಕೊಂಡು ಕೂತ ಹಾಗೆ, ಅದೇ ಅಪಾಯ.

ಮುಂದೆ ದುಡ್ಡು ಕೊಡೋ ದೃಶ್ಯ: ಬಾಕಿ ಹನ್ನೆರಡು ಡಾಲರ್, ಇಲ್ಲಿ ಮೂವತ್ತೆರಡಿದೆ, ತಗೋ. ನಾಲ್ಕು ಸೆಂಟಿನ ಲೆಕ್ಕದಲ್ಲಿ ಹನ್ನೆರಡು ಡಾಲರ್ ಅಂದ್ರೆ 300 ಫೋಲಿಯೋ, ಮೂವತ್ತು ಸಾವಿರ ಪದ. ಅವನು ಮುಟ್ಟಲ್ಲ. ಅವನನ್ನ ಕಳಿಸೋಕಾಗದೆ ಕೊನೆಗೆ ವಕೀಲ ತಾನೇ ಆಫೀಸ್ ಖಾಲಿ ಮಾಡ್ಕೊಂಡು ಹೋಗ್ತಾನೆ, ಹೊಸ ಬಾಡಿಗೆದಾರ ಬಂದು ಕೇಳಿದ್ರೆ ಅವನು ನನಗೇನೂ ಅಲ್ಲ ಅಂತಾನೆ, ಬೈಬಲ್ ಓದಿದವರಿಗೆ ಅಲ್ಲಿ, ಶಿಷ್ಯ ಪೇತ್ರ ಯೇಸುವನ್ನ ಗೊತ್ತೇ ಇಲ್ಲ ಅಂದಾಗ ಕೂಗಿದ ಕೋಳಿ ಕೇಳಿಸತ್ತೆ. ಆಮೇಲೆ ಪೊಲೀಸ್ ಬಂದು ಅಲೆಮಾರಿ ಅನ್ನೋ ಆರೋಪದ ಮೇಲೆ ಟೂಂಬ್ಸ್ ಜೈಲಿಗೆ ಹಾಕ್ತಾರೆ, ಹೆಸರೇ ಗೋರಿ. ಈ ಅಲೆಮಾರಿ ಮಾತು ಮೊದಲು ವಕೀಲನ ತಲೆಗೇ ಬಂದಿತ್ತು, ಜಾಗ ಬಿಟ್ಟು ಕದಲದವನನ್ನ ಅಲೆಮಾರಿ ಅನ್ನೋದು ಹೇಗಪ್ಪಾ ಅಂತ ಅವನೇ ತಳ್ಳಿಹಾಕಿದ್ದ. ಕದಲದವನು ಅಲೆಮಾರಿ! ಇಡೀ ಪ್ರಾಜೆಕ್ಟಿಗೆ ಈ ಒಂದು ವಿರೋಧಾಭಾಸ ಸಾಕು, ಉಳಿದದ್ದೆಲ್ಲ ಅಲಂಕಾರ.

ಯಾಕೆ ಆಗ, ಯಾಕೆ ಅಲ್ಲಿ ಅನ್ನೋದಕ್ಕೆ ಸ್ವಲ್ಪ ಇತಿಹಾಸ ಹಾಕಲೇಬೇಕು, ಇಲ್ಲದಿದ್ರೆ ಎಕ್ಸಾಮಿನರ್ ಬಿಡಲ್ಲ. ನ್ಯೂಯಾರ್ಕಿನ ಜನಸಂಖ್ಯೆ 1820ರಲ್ಲಿ ಸುಮಾರು 1.23 ಲಕ್ಷ, 1850ರ ಹೊತ್ತಿಗೆ 5 ಲಕ್ಷ ದಾಟಿತ್ತು. ಒಂದೇ ತಲೆಮಾರಿನಲ್ಲಿ ಪಕ್ಕದ ಮೇಜಿನವನ ಊರು ಯಾವುದು, ರಾತ್ರಿ ಎಲ್ಲಿ ಮಲಗ್ತಾನೆ ಅಂತ ಗೊತ್ತಿಲ್ಲದ ಊರಾಗಿಹೋಯ್ತು, ವಕೀಲ ಬಾರ್ಟಲ್‌ಬಿಯ ಹಿಂದುಮುಂದು ಗೊತ್ತಿಲ್ಲ ಅನ್ನೋದು ಬರೀ ಕಥೆಯ ನಿಗೂಢ ಅಲ್ಲ, ಆ ಊರಿನ ಮಾಮೂಲಿ ಸ್ಥಿತಿ. ಆಮೇಲೆ ಈ ಕಥೆಗಳು ಹೆಚ್ಚಾಗಿ ಬಂದಿದ್ದು ಮನೇಲಿ ಸೋಫಾ ಮೇಲೆ ಕೂತು ಓದೋ ವರ್ಗದ ಪತ್ರಿಕೆಗಳಲ್ಲಿ. ಹಾಗಾಗಿ ಕಥೆ ಹೇಳೋನು ಹೆಚ್ಚಾಗಿ ಓದೋನ ಥರದವನೇ, ಒಳ್ಳೇ ಮನುಷ್ಯ, ತಕ್ಕಮಟ್ಟಿಗೆ ದಯೆ ಇರೋನು. ಬೈಯ್ಯೋಕೂ ಆಗದಷ್ಟು ಒಳ್ಳೆಯವನು. ಅಲ್ಲೇ ಮೆಲ್ವಿಲ್ ಜಾಣತನ ಇರೋದು.

ಹಾಥಾರ್ನ್‌ನ ಕಪ್ಪು ಮುಸುಕಿನ ಕಥೆ ಬೇರೆ, ಅಲ್ಲಿ ನಗರ ಅಲ್ಲ, ಚರ್ಚು ಮತ್ತು ಊರು ಒಂದೇ ಆಗಿದ್ದ ನ್ಯೂ ಇಂಗ್ಲೆಂಡ್. ಚರ್ಚಿನ ಒಳಗಿಲ್ಲದವನು ಊರಿನ ಒಳಗೂ ಇಲ್ಲ. ಬಾಸ್ಟನ್ನಲ್ಲಿ 1659ರಿಂದ 1661ರ ನಡುವೆ ಕ್ವೇಕರ್ ಪಂಥದವರನ್ನ ಗಲ್ಲಿಗೆ ಹಾಕಿದ್ರು, ಮೇರಿ ಡಯರ್ ಅನ್ನೋ ಹೆಂಗಸನ್ನ 1660ರಲ್ಲಿ. ಹಾಥಾರ್ನ್ ವಂಶದ ಹಿರಿಯನೊಬ್ಬ ಕ್ವೇಕರುಗಳಿಗೆ ಹಿಂಸೆ ಕೊಟ್ಟವನು, ಅವನ ಮಗ 1692ರ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ಕೂತ ನ್ಯಾಯಾಧೀಶ. ಇದು ತಲೇಲಿಟ್ಕೊಂಡು ಹೂಪರ್ ಪಾದ್ರಿಯನ್ನ ಓದಿ. ಒಂದು ಭಾನುವಾರ ಮುಖದ ಮೇಲೆ ಎರಡು ಮಡಿಕೆ ಕಪ್ಪು ಬಟ್ಟೆ ಹಾಕ್ಕೊಂಡು ಬರ್ತಾನೆ, ಬಾಯಿ ಗಲ್ಲ ಮಾತ್ರ ಕಾಣತ್ತೆ. ಪ್ರವಚನದ ಶೈಲಿ ಮಾಮೂಲಿನ ಹಾಗೇ ಇದೆ, ನಡತೆ ಹಾಗೇ ಇದೆ, ಬದಲಾಗಿದ್ದು ಒಂದು ತುಂಡು ಬಟ್ಟೆ. ಹೆಚ್ಚುಕಮ್ಮಿ ಪ್ರತೀ ಭಾನುವಾರ ಊಟಕ್ಕೆ ಕರೀತಿದ್ದ ಊರ ಹಿರಿಯ ಅವತ್ತು ಕರೆಯೋದು ಮರೆತುಬಿಡ್ತಾನೆ. ಆ ‘ಮರೆತ’ ಅನ್ನೋದನ್ನ ಗುರುತು ಹಾಕ್ಕೊಳ್ಳಿ, ಬಹಿಷ್ಕಾರ ಶುರುವಾಗೋದು ಹಾಗೇ, ಯಾರೂ ಡಂಗುರ ಹೊಡೆಸಲ್ಲ. ಅವನು ಯಾವ ಪಾಪ ಮಾಡಿದ್ದ ಅನ್ನೋ ಚರ್ಚೆಗೆ ನೀವು ಹತ್ತು ಪುಟ ಕೊಡೋಕೆ ಹೋಗ್ಬೇಡಿ, ಊರಿನವರೂ ಅದನ್ನೇ ಮಾಡ್ತಾ ಕೂತಿದ್ದು.

ಡೆಸಿರೇ ಕಥೆ ಮೂರ್ನಾಲ್ಕು ಪುಟ, 1893ರ ಜನವರೀಲಿ ವೋಗ್ ಪತ್ರಿಕೇಲಿ ಬಂದದ್ದು, ಆದ್ರೆ ನಡೆಯೋದು ಗುಲಾಮಗಿರಿ ಇದ್ದ ಕಾಲದ ಲೂಸಿಯಾನಾದಲ್ಲಿ. ಮಗುವಿನ ಮೈಬಣ್ಣ ನೋಡಿ ಗಂಡ ಅರ್ಮಾಂಡ್ ನೀನು ಬಿಳಿಯಳಲ್ಲ ಅಂತಾನೆ. ನನ್ನ ಕೈ ನೋಡು ನಿನಗಿಂತ ಬಿಳುಪು ಅಂತಾಳೆ ಅವಳು, ಲಾ ಬ್ಲಾಂಶ್ ಕೈಯೂ ಬಿಳುಪೇ ಅಂತಾನೆ ಅವನು. ಲಾ ಬ್ಲಾಂಶ್ ಅವನ ಮನೆಯ ಗುಲಾಮಳು, ಹೆಸರಿನ ಅರ್ಥವೇ ಬಿಳಿಯಳು. ಬಣ್ಣ ಕಣ್ಣಿಗೆ ಕಾಣೋದಲ್ಲ, ಯಜಮಾನ ಹೇಳಿದ್ದು ಅನ್ನೋದಕ್ಕೆ ಆ ಒಂದು ಉತ್ತರ ಸಾಕು. ಕೊನೇಲಿ ಸಿಗೋ ಕಾಗದದ ಪ್ರಕಾರ ಕಪ್ಪು ರಕ್ತ ಇದ್ದಿದ್ದು ಅರ್ಮಾಂಡ್‌ನ ತಾಯಿಗೆ. ಅಷ್ಟೊತ್ತಿಗೆ ಡೆಸಿರೇ ಮಗು ಎತ್ಕೊಂಡು ಜೌಗಿನ ಕಡೆ ಹೋಗಿಯಾಗಿದೆ. ಕ್ಲಾಸಲ್ಲಿ ಎಲ್ಲರೂ ಆ ಕೊನೇ ಟ್ವಿಸ್ಟ್‌ಗೇ ಬಾಯಿ ಬಿಡ್ತಾರೆ, ಆದ್ರೆ ಟ್ವಿಸ್ಟ್ ಅವಳಿಗೆ ನ್ಯಾಯ ಕೊಡಿಸಲ್ಲ, ಗಮನಿಸಿ. ಕಾಗದ ಇಲ್ಲದೇ ಇದ್ರೆ, ಅವಳೇ ಮಿಶ್ರ ರಕ್ತದವಳಾಗಿದ್ರೆ, ಹೊರಗೆ ಕಳಿಸಿದ್ದು ಸರಿಯಾಗ್ತಿತ್ತಾ? ಕಥೆ ಆ ಪ್ರಶ್ನೇನ ಓದುಗರ ತಲೆ ಮೇಲೆ ಹಾಕಿ ಹೋಗತ್ತೆ, ಅದೂ ಫ್ಯಾಶನ್ ಪತ್ರಿಕೆ ಓದುಗರ ತಲೆ ಮೇಲೆ. ಮೂರು ವರ್ಷ ಆದ ಮೇಲೆ, 1896ರಲ್ಲಿ, ಪ್ಲೆಸ್ಸಿ ಕೇಸಲ್ಲಿ ಸುಪ್ರೀಂ ಕೋರ್ಟು ಬಿಳಿಯರಿಗೆ ಬೇರೆ ಬೋಗಿ, ಕರಿಯರಿಗೆ ಬೇರೆ ಬೋಗಿ ಸರಿ ಅಂದಿತು, ಅದೂ ಲೂಸಿಯಾನಾದ ಕೇಸೇ, ಎಂಟರಲ್ಲಿ ಒಂದು ಪಾಲು ಕಪ್ಪು ರಕ್ತ ಇದ್ದ ಮನುಷ್ಯನ ಕೇಸು.

ನಿಮ್ಮ ಪಟ್ಟೀಲಿ ನನಗೆ ಅತೀ ಇಷ್ಟ ‘ದಿ ಮಾನ್‌ಸ್ಟರ್’, 1898. ಗೈಡ್ ಬುಕ್ಕುಗಳು ಇದನ್ನ ಒಂದು ಪ್ಯಾರಾದಲ್ಲಿ ಮುಗಿಸೋದು ನೋಡಿದ್ರೆ ಸಿಟ್ಟು ಬರತ್ತೆ. ಹೆನ್ರಿ ಜಾನ್ಸನ್ ಬೆಂಕಿ ಬಿದ್ದ ಮನೆಯಿಂದ ಡಾಕ್ಟರ ಮಗು ಜಿಮ್ಮಿಯನ್ನ ಉಳಿಸ್ತಾನೆ, ಡಾಕ್ಟರ ಲ್ಯಾಬಿನ ಕೆಮಿಕಲ್ ಸುರಿದು ಅವನ ಮುಖವೇ ಇಲ್ಲದ ಹಾಗೆ ಆಗತ್ತೆ. ಊರಿನ ಪೇಪರ್ ಅವನು ಸತ್ತ ಅಂತ ಹಾಕಿಬಿಡತ್ತೆ, ಸತ್ತ ಅಂದ ತಕ್ಷಣ ಅವನು ಊರಿನ ಹೀರೋ, ಬೆಲ್ಲಾ ಅನ್ನೋ ಹುಡುಗಿ ನಮ್ಮಿಬ್ಬರಿಗೆ ಮದುವೆ ನಿಶ್ಚಯ ಆಗಿತ್ತು ಅಂತ ಸಾರ್ತಾಳೆ. ಅವನು ಬದುಕಿಬಿಟ್ಟ, ಅಲ್ಲಿಂದ ತೊಂದರೆ. ಸತ್ತ ಹೊರಗಿನವನನ್ನ ಹೊಗಳೋದು ಸಲೀಸು, ಬದುಕಿದವನಿಗೆ ಜಾಗ ಕೊಡಬೇಕಲ್ಲ. ಊರಿನ ಜಡ್ಜು ಬಂದು ಇವನನ್ನ ಉಳಿಸ್ಬೇಡಪ್ಪ ಅಂತ ಡಾಕ್ಟರಿಗೆ ತಿಳಿಹೇಳ್ತಾನೆ. ಅದೇ ಬೆಲ್ಲಾ ಅವನನ್ನ ನೋಡಿ ತೆವಳಿಕೊಂಡು ಓಡ್ತಾಳೆ. ಕೊನೆಗೆ ಹೆನ್ರಿ ತಲೆಗೆ ದಪ್ಪ ಕಪ್ಪು ಮುಸುಕು ಸುತ್ತಿಕೊಂಡು ಲಾಯದ ಹಿಂದೆ ಪೆಟ್ಟಿಗೆ ಮೇಲೆ ಕೂತಿರ್ತಾನೆ, ಹುಡುಗರು ಪಂದ್ಯ ಕಟ್ಟಿ ಹತ್ತಿರ ಹೋಗಿ ಮುಟ್ಟಿ ಓಡಿಬರೋ ಆಟ ಆಡ್ತಾರೆ, ಅವನ ಪ್ರಾಣದಿಂದ ಉಳಿದ ಜಿಮ್ಮಿಯೇ ಮುಂದಾಳು. ಅರವತ್ತು ವರ್ಷದ ಹಿಂದೆ ಹಾಥಾರ್ನ್ ಪಾದ್ರಿ ಮುಖಕ್ಕೆ ಹಾಕಿದ್ದೂ ಕಪ್ಪು ಕ್ರೇಪ್ ಬಟ್ಟೆ, ಅವನನ್ನ ಕಂಡು ಓಡಿದ್ದೂ ಮಕ್ಕಳೇ. ಒಬ್ಬ ತಾನಾಗಿ ಹಾಕ್ಕೊಂಡಿದ್ದು, ಇನ್ನೊಬ್ಬನಿಗೆ ಬೇರೆ ದಾರಿ ಇರಲಿಲ್ಲ. ನಿಮ್ಮ ಒಂದು ಅಧ್ಯಾಯ ಇಲ್ಲೇ ಸಿಕ್ತು ನೋಡಿ.

ಕೊನೇ ದೃಶ್ಯ: ಹೆನ್ರಿಯನ್ನ ಮನೇಲಿಟ್ಕೊಂಡ ತಪ್ಪಿಗೆ ಡಾಕ್ಟರಿಗೆ ಪೇಶಂಟುಗಳು ಬರೋದು ನಿಂತಿದೆ, ಹೆಂಡತಿ ಟೀಗೆ ಜನರನ್ನ ಎದುರುಗೊಳ್ಳೋ ದಿನ ಅವತ್ತು, ಬಂದಿದ್ದು ಒಬ್ಬಳೇ. ಹೆಂಡತಿ ಅಳ್ತಿದ್ದಾಳೆ, ಡಾಕ್ಟರ್ ಅವಳ ತಲೆ ಸವರ್ತಾ ಸುಮ್ಮನೆ ಕಪ್ಪುಗಳನ್ನ ಎಣಿಸ್ತಾನೆ, ಹದಿನೈದು. ಇದನ್ನ ಪಾಠ ಮಾಡಿದಾಗೆಲ್ಲ ಇಂಗ್ಲಿಷ್ ಅಷ್ಟಾಗಿ ಬರಲ್ಲ ಅನ್ನಿಸ್ಕೊಂಡ ಹಿಂದಿನ ಬೆಂಚಿನ ಹುಡುಗರಿಗೇ ಮೊದಲು ಅರ್ಥ ಆಗ್ತಿತ್ತು. ಒಬ್ಬ ಎದ್ದು ನಿಂತು, ಮೇಡಂ ಇದು ಬಹಿಷ್ಕಾರ, ನೀರು ಬೆಂಕಿ ಬಂದ್ ಮಾಡಿದಾರೆ ಅಷ್ಟೇ, ಅಂದಿದ್ದ. ನಾನು ಕೊಡೋಕೆ ಹೊರಟಿದ್ದ ಅರ್ಧ ಗಂಟೆ ಭಾಷಣ ಜೇಬಲ್ಲೇ ಉಳೀತು. ಕ್ರೇನ್ ಈ ಊರನ್ನ ಮನಸ್ಸಲ್ಲಿ ಕಟ್ಟಿಕೊಂಡಿದ್ದು ಪೋರ್ಟ್ ಜರ್ವಿಸ್ ಅನ್ನೋ ಊರಿನ ಮೇಲೆ, ನ್ಯೂಯಾರ್ಕ್ ರಾಜ್ಯದ್ದು, ದಕ್ಷಿಣದ್ದಲ್ಲ. ಅಲ್ಲಿ 1892ರಲ್ಲಿ ರಾಬರ್ಟ್ ಲೂಯಿಸ್ ಅನ್ನೋ ಕರಿಯನನ್ನ ಗುಂಪು ಸೇರಿ ಕೊಂದಿತ್ತು, ಕ್ರೇನ್‌ನ ಅಣ್ಣ ವಿಲಿಯಂ ಅದನ್ನ ತಡೆಯೋಕೆ ನೋಡಿದವರಲ್ಲಿ ಒಬ್ಬ.

‘ಬ್ಲೂ ಹೋಟೆಲ್’ ಬಗ್ಗೆ ಸ್ವಲ್ಪವೇ ಹೇಳ್ತೀನಿ, ಆದ್ರೆ ಅದು ಇರಲೇಬೇಕು, ಯಾಕಂದ್ರೆ ಅಲ್ಲಿ ಹೊರಗಿನವನು ಸಹಿಸೋಕಾಗದ ಮನುಷ್ಯ. ಬಂದ ಗಳಿಗೆಯಿಂದ ನನ್ನನ್ನ ಇಲ್ಲಿ ಕೊಲ್ತಾರೆ ಅಂತ ನಂಬಿರ್ತಾನೆ, ಕುಡಿದ ಮೇಲೆ ಎಲ್ಲರ ಮೇಲೆ ಏರಿ ಹೋಗ್ತಾನೆ, ಹೋಟೆಲ್ ಯಜಮಾನನ ಮಗ ಜಾನಿ ಎಲೆಯಾಟದಲ್ಲಿ ಮೋಸ ಮಾಡಿದ ಅಂತ ಜಗಳ ತೆಗೆದು ಗೆಲ್ತಾನೆ, ಕೊನೆಗೆ ಬೇರೆ ಕಡೆ ಸಲೂನಲ್ಲಿ ಜೂಜುಗಾರನ ಚಾಕುವಿಗೆ ಸಾಯ್ತಾನೆ. ತಿಂಗಳುಗಳಾದ ಮೇಲೆ ಅವತ್ತು ಅಲ್ಲಿದ್ದ ಒಬ್ಬ ಬಾಯಿ ಬಿಡ್ತಾನೆ, ಜಾನಿ ನಿಜವಾಗ್ಲೂ ಮೋಸ ಮಾಡ್ತಿದ್ದ, ನಾನು ನೋಡಿದ್ದೆ, ಸುಮ್ಮನಿದ್ದೆ, ಈ ಕೊಲೇಲಿ ನಾವು ಐದು ಜನ ಪಾಲುದಾರರು ಅಂತ. ಹೊರಗಿನವನು ಒಳ್ಳೆಯವನು, ಸಮಾಜ ಕೆಟ್ಟದ್ದು ಅನ್ನೋ ಸುಲಭದ ಸೂತ್ರ ಈ ಕಥೇಲಿ ನಿಲ್ಲಲ್ಲ. ಅನ್ಯಾಯ ಆಗೋಕೆ ಬಲಿಯಾದವನು ಸಂಭಾವಿತ ಆಗಿರಬೇಕು ಅಂತೇನೂ ಇಲ್ಲ.

ಈಗ ನಿಮ್ಮ ಮುಂದೆ ಇರೋ ದಾರಿಗಳು. ಮಾರ್ಕ್ಸ್ ಹಚ್ಚಿದ್ರೆ ಮಾರ್ಕ್ಸ್ ಬರತ್ತೆ ಅನ್ನೋದು ನಿಮ್ಮ ಸರ್ ಲೆಕ್ಕ, ಬಾರ್ಟಲ್‌ಬಿಗೆ ಅದು ಚೆನ್ನಾಗೇ ಕೂರತ್ತೆ, ನಾಲ್ಕು ಸೆಂಟು, ಗೋಡೆ, ನಕಲು, ತನ್ನದಲ್ಲದ ಪದಗಳನ್ನ ಬರೆಯೋ ಕೈ. ಆದ್ರೆ ಎರಡು ಕಡೆ ಕಾಲು ಜಾರತ್ತೆ. ಮೆಲ್ವಿಲ್ ಮಾರ್ಕ್ಸ್‌ನಿಂದ ಪ್ರಭಾವಿತ ಅಂತ ಮಾತ್ರ ಬರೀಬೇಡಿ, ಏಲಿಯನೇಶನ್ ಬಗ್ಗೆ ಮಾರ್ಕ್ಸ್ 1844ರಲ್ಲಿ ಬರೆದ ಹಸ್ತಪ್ರತಿಗಳು ಪ್ರಿಂಟ್ ಆಗಿದ್ದು 1932ರಲ್ಲಿ, ಮೆಲ್ವಿಲ್ ತೀರಿಕೊಂಡಿದ್ದು 1891ರಲ್ಲಿ. (ತಮಾಷೆ ಏನಂದ್ರೆ ಅದೇ 1853ರಲ್ಲಿ ಮಾರ್ಕ್ಸ್ ಲಂಡನ್ನಿಂದ ನ್ಯೂಯಾರ್ಕ್ ಟ್ರಿಬ್ಯೂನ್ ಪೇಪರಿಗೆ ಬರೀತಿದ್ದ, ಭಾರತದ ಬಗ್ಗೆ ಬರೆದ ಹೆಸರಾಂತ ಲೇಖನಗಳೂ ಆ ವರ್ಷದ್ದೇ.) ಎರಡನೇದು, ಅದೇ ಅಳತೆಪಟ್ಟಿ ಡೆಸಿರೇಗೆ, ಹೂಪರ್‌ಗೆ ಹಿಡಿಯೋಕೆ ಹೋದ್ರೆ ಕಥೆ ಹರಿದುಹೋಗತ್ತೆ, ಅವರ ಕಷ್ಟ ಕೂಲಿಯದ್ದಲ್ಲ.

ಜಾತಿ ಜೊತೆ ಹೋಲಿಕೆ ಮಾಡಬಹುದಾ? ಮಾಡಿ, ಧೈರ್ಯವಾಗಿ. ಇದು ನಾವು ಈಗ ಕುಂತು ಕಟ್ಟಿದ ಹೋಲಿಕೆ ಅಲ್ಲ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನ ಗುಲಾಮಗಿರಿ ತೊಲಗಿಸಿದ ಅಮೆರಿಕದ ಜನಕ್ಕೆ ಅರ್ಪಿಸಿದ್ರು, 1946ರಲ್ಲಿ ಅಂಬೇಡ್ಕರ್ ಅಲ್ಲಿನ ಕರಿಯ ಚಿಂತಕ ಡು ಬೋಯಿಸ್‌ಗೆ ಕಾಗದ ಬರೆದಿದ್ರು. ಆದ್ರೆ ಅಪಾಯ ಹೇಳ್ತೀನಿ: ಎಲ್ಲಾ ಆರು ಕಥೆಗೂ ಜಾತಿ ತಂದ್ರೆ ಬಾರ್ಟಲ್‌ಬಿಯೂ ದಲಿತ, ವೇಕ್‌ಫೀಲ್ಡೂ ದಲಿತ ಅಂತಾಗಿ ಯಾರಿಗೂ ಅರ್ಥ ಉಳಿಯಲ್ಲ, ತನ್ನ ಖುಷಿಗೆ ಹೆಂಡತಿಯನ್ನ ಇಪ್ಪತ್ತು ವರ್ಷ ವಿಧವೆ ಥರ ಇಟ್ಟ ಲಂಡನ್ನಿನ ಗೃಹಸ್ಥನ ಪಕ್ಕದಲ್ಲಿ ಊರು ಹೊರಗಿಟ್ಟವರನ್ನ ಕೂರಿಸೋದು ಅನ್ಯಾಯ ಕೂಡ. ಕ್ರೇನ್ ಮತ್ತು ಶೋಪ್ಯಾನ್ ಕಥೆಗೆ ಮಾತ್ರ ತನ್ನಿ, ಎಲ್ಲಿ ಹೋಲತ್ತೆ ಅನ್ನೋದಕ್ಕಿಂತ ಎಲ್ಲಿ ಹೋಲಲ್ಲ ಅನ್ನೋದಕ್ಕೆ ಜಾಸ್ತಿ ಜಾಗ ಕೊಡಿ. ಮಾರ್ಕ್ಸ್ ಕಟ್ ಆಗತ್ತಾ ಅಂದ್ರೆ, ಎಕ್ಸಾಮಿನರ್ ಮೇಲೆ ಹೋಗತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ಅದನ್ನ ಕೊನೇ ಅಧ್ಯಾಯಕ್ಕೆ ಇಟ್ಕೊಳ್ಳಿ, ಅಷ್ಟೊತ್ತಿಗೆ ಅವರು ನಿಮ್ಮನ್ನ ನಂಬಿರ್ತಾರೆ.

ನಾನು ಹೇಳಿದ ದಾರಿ, ಅಂದ್ರೆ ಕಥೆ ಹೇಳೋನನ್ನ, ಊರನ್ನ ಓದೋದು, ಅದಕ್ಕೂ ಒಂದು ತೊಂದರೆ ಇದೆ. ವಕೀಲನ ಮೇಲೇ ಕಣ್ಣಿಟ್ಟು ಕೂತ್ರೆ ಬಾರ್ಟಲ್‌ಬಿ ಬರೀ ಕನ್ನಡಿಯಾಗಿಬಿಡ್ತಾನೆ, ಅವನ ಹಸಿವು ಮರೆತುಹೋಗತ್ತೆ. ಜೈಲಲ್ಲಿ ಅವನು ನಾನು ಎಲ್ಲಿದೀನಿ ಅಂತ ನನಗೆ ಗೊತ್ತು ಅಂತಾನಲ್ಲ, ಆ ಮಾತು ಅವನದ್ದು, ಕನ್ನಡಿ ಮಾತಾಡಲ್ಲ. ನನ್ನ ಹಳೇ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಈ ತಪ್ಪು ಬೇಕಾದಷ್ಟು ಸಲ ಆಗಿದೆ, ಕಲಿಸಿದ್ದು ನಾನೇ.

ಇನ್ನೊಂದು ಸಲಹೆ, ಸಿನಾಪ್ಸಿಸ್ ಇನ್ನೂ ಪಾಸ್ ಆಗಿಲ್ಲದಿದ್ರೆ ಮಾತ್ರ. ‘ವೇಕ್‌ಫೀಲ್ಡ್’ ತೆಗೆದುಬಿಡಿ. ಅದ್ಭುತ ಕಥೆ, ಆದ್ರೆ ನಡೆಯೋದು ಲಂಡನ್ನಲ್ಲಿ, ಅವನನ್ನ ಯಾರೂ ಹೊರಗೆ ಹಾಕಿಲ್ಲ. ಅದರ ಬದಲು ಚಾರ್ಲ್ಸ್ ಚೆಸ್ನಟ್‌ನ 1898ರ ‘ದಿ ವೈಫ್ ಆಫ್ ಹಿಸ್ ಯೂತ್’ ಹಾಕಿ, ನಿಮ್ಮ ಪಟ್ಟೀಲಿ ಕರಿಯ ಲೇಖಕರು ಒಬ್ಬರೂ ಇಲ್ಲ ಅನ್ನೋ ಕೊರತೆನೂ ನೀಗತ್ತೆ. ಚರ್ಮದೊಳಗಿನ ನೀಲಿ ನರ ಕಾಣೋಷ್ಟು ತಿಳಿ ಬಣ್ಣ ಇರೋ ಕರಿಯರದ್ದೇ ಒಂದು ಸಂಘ, ಬ್ಲೂ ವೇನ್ಸ್ ಅಂತ ಜನ ಕರೆಯೋದು, ಅದರ ಮುಂದಾಳು ರೈಡರ್, ಟೆನಿಸನ್ ಕವಿತೆ ಬಾಯಿಪಾಠ ಮಾಡೋ ಸುಸಂಸ್ಕೃತ. ಬಿಳಿಯರು ಅವರನ್ನ ಹೊರಗಿಟ್ಟಿದ್ದಾರೆ, ಅವರು ತಮಗಿಂತ ಕಪ್ಪಗಿರೋರನ್ನ ಹೊರಗಿಟ್ಟಿದ್ದಾರೆ. ಅವತ್ತು ಸಂಜೆ ಪಾರ್ಟಿ, ಅವತ್ತೇ ಮಧ್ಯಾಹ್ನ ಇಪ್ಪತ್ತೈದು ವರ್ಷದಿಂದ ಗಂಡನನ್ನ ಹುಡುಕ್ತಾ ತಿರುಗ್ತಿರೋ ಕಪ್ಪಗಿನ ಮುದುಕಿಯೊಬ್ಬಳು ಹಳೇ ಫೋಟೋ ಹಿಡ್ಕೊಂಡು ಅವನ ಬಾಗಿಲಿಗೇ ಬರ್ತಾಳೆ. ಅವಳು ಹೋದ ಮೇಲೆ ರೈಡರ್ ಬಹಳ ಹೊತ್ತು ಕನ್ನಡಿ ಮುಂದೆ ನಿಲ್ತಾನೆ. ಮುಂದಿನದ್ದು ನೀವೇ ಓದಿ. ಜಾತಿಯೊಳಗೆ ಒಳಜಾತಿ ಗೊತ್ತಿರೋ ನಮಗೆ ಆ ಕಥೆಗೆ ಫುಟ್‌ನೋಟ್ ಬೇಡ.

ಕೊನೇದಾಗಿ ನಿಮ್ಮಜ್ಜಿ. ‘ಒಲ್ಲೆ’ ಅನ್ನೋದನ್ನ ಮುನ್ನುಡಿಗೇ ಹಾಕಿ, ಯಾವ ಎಕ್ಸಾಮಿನರೂ ಕಟ್ ಮಾಡಲ್ಲ, ಮಾಡಿದ್ರೆ ನನ್ನ ಹೆಸರು ಹೇಳಿ. ಹಾಗೇ ಮೊದಲ ಅಧ್ಯಾಯ ಬರೆಯೋ ಮುಂಚೆ ಬಾರ್ಟಲ್‌ಬಿಯ ಆ ಒಂದು ವಾಕ್ಯವನ್ನ ಪೂರ್ತಿಯಾಗಿ, ಆ ನಾಜೂಕು ಸಮೇತ, ನಿಮ್ಮ ಕಡೆ ಮಾತಲ್ಲಿ ಅನುವಾದ ಮಾಡಿ ನನಗೆ ಕಳಿಸಿ. ಇಪ್ಪತ್ತು ವರ್ಷದಿಂದ ಪ್ರಯತ್ನ ಪಡ್ತಿದೀನಿ, ನನ್ನ ಮೈಸೂರು ಕಡೆ ಕನ್ನಡಕ್ಕೆ ಅದು ಇನ್ನೂ ಬಗ್ಗಿಲ್ಲ.